ಐದು ಲೀಟರಿಗೆ ಹತ್ತು ಮುಚ್ಚಳ

ನಮ್ಮ ಕಾಕಾನ ಅಂಗೈಗೆ ಅಯ್ಯನವರು ತೀರ್ಥ ಹಾಕಿದರೆ, ಕುಡಿಯುವ ಮೊದಲು ಆತ ಆ ಅಂಗೈಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲಗೆ ಅಲ್ಲಾಡಿಸುತ್ತಾನೆ. ಭಕ್ತಿ ಎಂದು ತಿಳಿಯುವವರು ತಿಳಿಯಲಿ. ಮನೆಯವರಾದ ನಮಗೆ ಗೊತ್ತು, ಅದು ಭಕ್ತಿಯಲ್ಲ, ಚಟ! ಪಾತ್ರೆಯಲ್ಲಿ ಏನೇ ಇರಲಿ, ಅಲ್ಲಾಡಿಸದೆ ಬಳಸುವುದು ಮಹಾಪಾಪವೆಂದು ನಂಬಿರುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಆತ ಮೂಡಲಗಿಯಲ್ಲಿದ್ದಾನೆ, ಮತ್ತು ನನ್ನ ತಂದೆಯ ಖಾಸಾ ತಮ್ಮ.

ಕಾಕಾನದು ಒಂದೇ ಬಾಗಿಲಿನ ರಿಪೇರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಒಂದು ಕಾಲಕ್ಕೆ ಮೊಪೆಡ್ಡು, ಸ್ಕೂಟರು ಬಿಚ್ಚಿ ಜೋಡಿಸುತ್ತಿದ್ದ. ಅವೆಲ್ಲ ಗುಜರಿಗೆ ಹೋಗಿ ಹೊಸ ಗಾಡಿಗಳು ಬಂದ ಮೇಲೆ, ಬೆಳೆಗೆ ಔಷಧ ಹೊಡೆಯುವ ಪಂಪು, ಹುಲ್ಲು ಕತ್ತರಿಸುವ ಮಷಿನ್ನು ಇಂಥವಕ್ಕೇ ಅಂಟಿಕೊಂಡಿದ್ದಾನೆ. ಕಾರಣ, ಅವು ಟೂ-ಸ್ಟ್ರೋಕ್ ಇಂಜಿನ್ನುಗಳು. ಫೋರ್-ಸ್ಟ್ರೋಕ್ ಗಾಡಿಯನ್ನು ಯಾರಾದರೂ ಅಂಗಡಿಯ ಮುಂದೆ ತಂದು ನಿಲ್ಲಿಸಿದರೆ ಕಾಕಾ ಅದರ ಕಡೆ ನೋಡುವುದೂ ಇಲ್ಲ. “ಎರಡು ಹೆಜ್ಜ್ಯಾಗ ಆಗೂ ಕೆಲಸಕ್ಕ ನಾಕು ಹೆಜ್ಜಿ ಯಾಕ ಬೇಕ್ರಿ?” ಎಂದು ಬಂದವರನ್ನೇ ಕೇಳುತ್ತಾನೆ. ಅವರು ಗಾಡಿ ತಳ್ಳಿಕೊಂಡು ಮುಂದಿನ ಅಂಗಡಿಗೆ ಹೋಗುತ್ತಾರೆ.

ಈ ಟೂ-ಸ್ಟ್ರೋಕ್ ಇಂಜಿನ್ನಿನ ಸಂಗತಿ ಏನೆಂದರೆ, ಅದಕ್ಕೆ ಆಯಿಲ್ಲನ್ನು ಪೆಟ್ರೋಲಿನಲ್ಲೇ ಬೆರೆಸಿ ಕುಡಿಸಬೇಕು. ಕುಡಿಸದಿದ್ದರೆ ಒಳಗಿನ ಪಿಸ್ಟನ್ನು ಒಣಗಿ, ಕಾಯ್ದು, ಇದ್ದಲ್ಲೇ ಹಿಡಿದುಕೊಂಡುಬಿಡುತ್ತದೆ. ಇದಕ್ಕೆ ಗ್ಯಾರೇಜಿನವರು ಸೀಜ್ ಆಯಿತು ಎನ್ನುತ್ತಾರೆ. ಸೀಜ್ ಎಂಬ ಶಬ್ದವನ್ನು ನಮ್ಮ ಕಾಕಾ ಹೇಳುವಾಗ ದನಿ ತಗ್ಗಿಸುತ್ತಾನೆ, ಬೇರೆಯವರು ಯಾರದೋ ಮನೆಯ ಸಾವಿನ ಸುದ್ದಿ ಹೇಳುವಾಗ ತಗ್ಗಿಸುತ್ತಾರಲ್ಲ, ಹಾಗೆ.

ಬೆರೆಸುವುದೆಂದರೆ ಸುಮ್ಮನೆ ಸುರಿಯುವುದು ಎಂದು ತಿಳಿದಿರಾ? ನಾನೂ ಹಾಗೇ ತಿಳಿದಿದ್ದೆ. ಕಾಕಾನ ಬಳಿ ಕೆಮ್ಮಿನ ಔಷಧದ ಬಾಟಲಿಯ ಮೇಲಿರುವಂಥ ಒಂದು ಪ್ಲಾಸ್ಟಿಕ್ ಮುಚ್ಚಳವಿದೆ. ನನಗೆ ಚಿಕ್ಕಂದಿನಲ್ಲಿ ನಾಯಿಕೆಮ್ಮು ಬಂದಾಗ ತಂದ ಔಷಧದ್ದಂತೆ. ಔಷಧ ನನಗೆ, ಮುಚ್ಚಳ ಆತನಿಗೆ! ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್ಲು, ಅಂದರೆ ಲೀಟರಿಗೆ ಎರಡು ಮುಚ್ಚಳ, ಐದು ಲೀಟರಿನ ಕ್ಯಾನಿಗೆ ಹತ್ತು. ಹತ್ತನ್ನೂ ಮೊದಲು ಒಂದು ಸ್ಟೀಲಿನ ಲೋಟಕ್ಕೆ ಎಣಿಸಿ ಹಾಕುತ್ತಾನೆ. ಆಮೇಲೆ ಕ್ಯಾನಿಗೆ ಸುರಿದು, ಬಿರಡೆ ಬಿಗಿದು, ಕ್ಯಾನನ್ನು ಎದೆಗೆ ಅವುಚಿಕೊಂಡು ಅಲ್ಲಾಡಿಸುತ್ತಾನೆ. ಎಣಿಸುವ ಹೊತ್ತಿನಲ್ಲಿ ಯಾರೂ ಮಾತಾಡಬಾರದು. ಒಮ್ಮೆ ಕೌಜಲಗಿಯಿಂದ ಬೀಗರು ಮದುವೆಯ ಕಾರ್ಡು ಹಿಡಿದುಕೊಂಡು ಬಂದರು. ಕಾಕಾ ಏಳನೆಯ ಮುಚ್ಚಳದಲ್ಲಿದ್ದ.

“ಆರಾಮ ಅದೀರೇನ್ರಿ?” ಎಂದರು ಬೀಗರು.

ಕಾಕಾ ಕಣ್ಣು ಮುಚ್ಚಿ, ಉಸಿರು ಬಿಟ್ಟು, ಲೋಟದಲ್ಲಿದ್ದುದನ್ನು ಮರಳಿ ಆಯಿಲ್ಲಿನ ಡಬ್ಬಿಗೆ ಸುರಿದು, ಒಂದರಿಂದ ಮತ್ತೆ ಶುರು ಮಾಡಿದ. ಬೀಗರು ಕಾರ್ಡು ಹಿಡಿದ ಕೈಯನ್ನು ಚಾಚಿಕೊಂಡೇ ನಿಂತರು. ಹತ್ತು ಮುಗಿಯಿತು, ಸುರಿದದ್ದಾಯಿತು, ಅಲ್ಲಾಡಿಸಿದ್ದಾಯಿತು. ಆಗ ಕಾಕಾ ತಿರುಗಿ ನಗುತ್ತ, “ಆರಾಮ ಅದೇವ್ರಿ. ನೀವು?” ಎಂದ.

“ಬಂದಾಗ ಆರಾಮ ಇದ್ವಿರಿ” ಎಂದರು ಬೀಗರು.

ಈ ಅಲ್ಲಾಡಿಸುವ ಕೈ ಅಂಗಡಿಯಲ್ಲೇ ಇದ್ದಿದ್ದರೆ ಚಿಂತೆಯಿರಲಿಲ್ಲ. ಅದು ಆತನ ಜೊತೆಗೇ ಎಲ್ಲ ಕಡೆಗೂ ಬರುತ್ತದೆ. ನನ್ನನ್ನು ನೋಡಲು ಗೋಕಾಕಿನಿಂದ ಗಂಡಿನ ಕಡೆಯವರು ಬಂದಿದ್ದರು. ಬಿಸಿಲ ದಿನ, ಚಹಾ ಬೇಡವೆಂದು ತಣ್ಣನೆಯ ಕಿತ್ತಳೆ ಸೋಡಾದ ಬಾಟಲಿ ತರಿಸಿದ್ದರು. ತೆಗೆದುಕೊಡುವ ಕೆಲಸ ಕಾಕಾನದು. ಆತ ಬಾಟಲಿಯನ್ನು ಎದೆಗೆ ಅವುಚಿಕೊಂಡಾಗಲೇ ನನಗೆ ಗೊತ್ತಾಯಿತು. ಆದರೆ ನೋಡಲು ಬಂದವರ ಮುಂದೆ ತಲೆ ತಗ್ಗಿಸಿ ಕೂತ ಹುಡುಗಿ ಎದ್ದು ಕೂಗಲಾಗುತ್ತದೆಯೇ? ಗಂಡಿನ ತಂದೆಯ ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಮೀಸೆ ಮೂರೂ ಕಿತ್ತಳೆ ಬಣ್ಣವಾದವು. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ಬೆರಳು ತೋರಿಸಿ, ಬಹಳ ಗಂಭೀರವಾಗಿ ಒಂದೇ ಪ್ರಶ್ನೆ ಕೇಳಿದರು.

“ಹುಡಗೀಗೂ ಈ ಚಟ ಐತೇನ್ರಿ?”

ಇಲ್ಲವೆಂದು ನಮ್ಮ ತಂದೆ ಮಾತು ಕೊಟ್ಟರು. ಹಾಗೆ ನಾನು ಗೋಕಾಕಿನ ಸೊಸೆಯಾದೆ. ಅಲ್ಲೇ ಒಂದು ಶಾಲೆಯಲ್ಲಿ ಶಿಕ್ಷಕಿಯಾದೆ. ನನಗೆ ಆ ಚಟ ಇಲ್ಲ, ಖರೆ. ಬೇರೆ ಒಂದಿದೆ. ಸಾಲು ಸೊಟ್ಟಗಿದ್ದರೆ, ಒಂದೇ ತರಹದ ವಸ್ತುಗಳಲ್ಲಿ ಒಂದು ಬೇರೆ ತರಹ ಕಂಡರೆ, ನನಗೆ ತಡೆಯುವುದಿಲ್ಲ. ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಸಾಲು ಸರಿಮಾಡಿ ಮಾಡಿ ಬಂದ ರೋಗ. ಇದನ್ನು ಈಗಲೇ ಹೇಳಿಟ್ಟುಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಇನ್ನು ಕಾಕು, ಅಂದರೆ ಕಾಕಾನ ಹೆಂಡತಿ. ಈ ಪೆಟ್ರೋಲಿನ ಜೊತೆ ಆಕೆ ಮೂವತ್ತು ಚಿಲ್ಲರೆ ವರ್ಷ ಸಂಸಾರ ಮಾಡಿದ್ದಾಳೆ. ಕಾಕಾನ ಅಂಗಿಗೆ ಬೇರೆ ಬಕೀಟು, ಬೇರೆ ಸಾಬೂನು, ಒಣಗಿಸಲು ಬೇರೆ ತಂತಿ. ಆಕೆ ಅಂಗಡಿಯ ಹೊಸ್ತಿಲು ದಾಟಿ ಬಂದದ್ದನ್ನು ನಾವ್ಯಾರೂ ನೋಡಿರಲಿಲ್ಲ. ಆತ ಮಾತ್ರ ಅಡುಗೆಮನೆಯ ಹೊಸ್ತಿಲನ್ನು ಧಾರಾಳವಾಗಿ ದಾಟುತ್ತಿದ್ದ. ಒಂದು ದಿನ ಒಗ್ಗರಣೆಗೆ ಎಣ್ಣೆ ಬಿಡುವುದನ್ನು ನೋಡಿ, “ಇಷ್ಟ್ಯಾಕ? ಐವತ್ತಕ್ಕ ಒಂದು ಸಾಕು” ಎಂದ.

“ಐವತ್ತಕ್ಕ ಒಂದು ಹಾಕಿದ್ರ ಬದನಿಕಾಯಿ ಸೀಜ್ ಆಗತೈತ್ರಿ” ಎಂದಳು ಕಾಕು, ಸೌಟು ಕೆಳಗಿಡದೆ.

ಇಂಥ ಕಾಕು ಎರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಬದಲಾದಳು. ಕಾಕಾ ಕ್ಯಾನಿನಲ್ಲಿ ಆಯಿಲ್ ಬೆರೆಸಿ, “ಹಾಕೇನಿ” ಎಂದು ಒಳಗೆ ಕೂಗಿದರೆ ಸಾಕು, ಆಕೆ ದೇವರ ಜಗಲಿಯಿಂದ ವಿಭೂತಿಯ ಗಟ್ಟಿ ಹಿಡಿದುಕೊಂಡು ಅಂಗಡಿಗೇ ಬರುವಳು. ಸೆರಗನ್ನು ಮೂಗಿಗೆ ಒತ್ತಿಕೊಂಡು, ಮೂರು ಬೆರಳಿನಿಂದ ಕ್ಯಾನಿನ ಹೊಟ್ಟೆಗೆ ಮೂರು ಗೆರೆ ಎಳೆದು ಹೋಗುವಳು. ಹಸಿರು ಪ್ಲಾಸ್ಟಿಕ್ಕಿನ ಹಳೆಯ ಕ್ಯಾನುಗಳು ಅವು. ಸಾಲಾಗಿ ಇಟ್ಟರೆ ಈಗಷ್ಟೇ ಪೂಜೆಯಿಂದ ಎದ್ದು ಬಂದ ಹಿರಿಯರ ಹಾಗೆ ಕಾಣುತ್ತಿದ್ದವು.

“ಏನ ಕಾಕು, ಪೆಟ್ರೋಲಿಗೂ ದೀಕ್ಷಾ ಕೊಟ್ಟಿ?” ಎಂದು ನಾನು ಚೇಷ್ಟೆ ಮಾಡಿದೆ.

“ಬಸವಣ್ಣ ಕಾಯಕಾನ ದೇವರು ಅಂದಾನಲ್ಲವಾ. ನನಗ ಈಗ ತಿಳೀತು” ಎಂದಳು.

ಕಾಕಾ ಅಂತೂ ಎದೆಯುಬ್ಬಿಸಿಕೊಂಡು ಊರೆಲ್ಲ ಹೇಳಿದ. ಮೂವತ್ತು ವರ್ಷವಾದ ಮೇಲೆ ಹೆಂಡತಿಗೆ ತನ್ನ ಕೆಲಸದ ಬೆಲೆ ತಿಳಿಯಿತಂತೆ! ನಾನು ಗೋಕಾಕಿಗೆ ಹೋಗಿ ಇದನ್ನೂ ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದೆ. ಕಾಕಾನ ಕತೆ ಹೇಳಿ ನಗಿಸುವುದು ನನ್ನ ಬಹಳ ವರ್ಷದ ಉದ್ಯೋಗ.

ಹೀಗಿರುವಾಗ ಜೆಟ್ ಬೋಟು ಬಂತು. ಮೂಡಲಗಿಗೂ ಬೋಟಿಗೂ ಏನು ಸಂಬಂಧ ಎನ್ನುವಿರೇನೋ. ಬೆಲ್ಲದ ಬಾಗೇವಾಡಿಯಲ್ಲಿ ಕಾಕಾನ ಹಳೆಯ ಗಿರಾಕಿಯೊಬ್ಬರಿದ್ದಾರೆ. ಕಬ್ಬಿನ ಜಮೀನು ದೊಡ್ಡದು, ಮೀಸೆ ದೊಡ್ಡದು, ಹುಮ್ಮಸ್ಸು ಎಲ್ಲಕ್ಕಿಂತ ದೊಡ್ಡದು. ಎಲ್ಲರೂ ಸಾವ್ಕಾರ್ರು ಎನ್ನುತ್ತಾರೆ. ಹಿಡಕಲ್ ಆಣೆಕಟ್ಟಿನ ಹಿನ್ನೀರಿನಲ್ಲಿ ಜನರನ್ನು ಕೂರಿಸಿಕೊಂಡು ಬೋಟು ಓಡಿಸಬೇಕೆಂದು ಅವರಿಗೆ ಹೊಳೆಯಿತು. ಬೇಕಾದ ಕಾಗದಪತ್ರ ಮಾಡಿಸಿ, ಸಮುದ್ರದ ಕಡೆಯಿಂದ ಒಂದು ಹಳೆಯ ಜೆಟ್ ಬೋಟನ್ನು ಲಾರಿಯ ಮೇಲೆ ಹೇರಿಸಿ ತಂದರು. ಐದಾರು ಜನ ಕೂರುವಂಥದ್ದು. ಇಂಜಿನ್ನು ಟೂ-ಸ್ಟ್ರೋಕ್. ಕಾಕಾನಿಗೆ ಇಷ್ಟು ಸಾಕಲ್ಲವೇ? ಮರುದಿನವೇ ಚೀಲದಲ್ಲಿ ಪಾನಾ, ಸ್ಕ್ರೂಡ್ರೈವರು ತುಂಬಿಕೊಂಡು ಹೊರಟ.

ಬೋಟಿನ ಹಿಂದೆ ತಿರುಗುವ ಪಂಖಾ ಇರಬೇಕೆಂದು ಕಾಕಾ ಹುಡುಕಿದ. ಇರಲಿಲ್ಲ. ಇದು ತಳದಿಂದ ನೀರನ್ನು ಹೀರಿ, ಹಿಂದಿನಿಂದ ಜೋರಾಗಿ ಉಗುಳುತ್ತದೆ, ಆ ರಭಸಕ್ಕೆ ಬೋಟು ಮುಂದೆ ಹೋಗುತ್ತದೆ ಎಂದು ಸಾವ್ಕಾರ್ರು ವಿವರಿಸಿದರು. ಕಾಕಾ ಬೋಟಿನ ಕೆಳಗೆ ಅಂಗಾತ ಮಲಗಿ ಬಹಳ ಹೊತ್ತು ನೋಡಿ, ಎದ್ದು ಬಂದು, ಮೈ ಝಾಡಿಸಿಕೊಂಡ.

“ಸಾವ್ಕಾರ್ರ, ನಿಮಗ ಮೋಸ ಆಗೇತಿ. ಇದು ಬೋಟ್ ಅಲ್ಲ, ನೀರೆತ್ತೂ ಪಂಪ್‌ಸೆಟ್. ಮ್ಯಾಲ ಕುಂದ್ರಾಕ ಜಾಗಾ ಮಾಡ್ಯಾರ, ಅಷ್ಟ.”

“ಹಂಗಾರ ನಿಮಗ ರಿಪೇರಿ ಸಸಾರ ಆತಲ್ರಿ” ಎಂದರು ಸಾವ್ಕಾರ್ರು.

ಆ ಬೋಟಿನಲ್ಲಿ ಇನ್ನೊಂದು ವಿಚಿತ್ರವಿತ್ತು. ಆಯಿಲ್ಲಿಗೆ ಬೇರೆಯೇ ಟಾಕಿ. ಇಂಜಿನ್ನಿಗೆ ಎಷ್ಟು ಬೇಕೋ ಅಷ್ಟನ್ನು ತಾನೇ ಅಳೆದು ಕೊಡುವ ಒಂದು ಸಣ್ಣ ಪಂಪು. ಅಂದರೆ ಯಾರೂ ಬೆರೆಸಬೇಕಿಲ್ಲ, ಎಣಿಸಬೇಕಿಲ್ಲ, ಅಲ್ಲಾಡಿಸಬೇಕಿಲ್ಲ. ಆ ಪಂಪನ್ನು ನೋಡಿದಾಗ ಕಾಕಾನ ಮುಖ ಹೇಗಾಗಿರಬಹುದು, ನೀವೇ ಊಹಿಸಿ. ಬಿಚ್ಚಿದ! ಬಿಚ್ಚಿ, ನಳಿಗೆ ಬಿರಡೆ ಜಡಿದು, ಇನ್ನು ಮೇಲೆ ಈ ಬೋಟು ಬೆರೆಸಿದ ಪೆಟ್ರೋಲಿನ ಮೇಲೆಯೇ ಓಡತಕ್ಕದ್ದು ಎಂದು ತೀರ್ಪು ಕೊಟ್ಟ.

“ಅದು ಚಲೋ ನಡದಿತ್ತಲ್ರಿ?” ಎಂದರು ಸಾವ್ಕಾರ್ರು, ಕೈಗೆ ಬಂದ ಪಂಪನ್ನು ನೋಡುತ್ತ.

“ಇವತ್ತ ನಡದೈತಿ. ನಿಲ್ಲೂ ದಿವಸ ನಿಮಗ ಹೇಳಿ ನಿಲ್ಲತೈತೇನ್ರಿ? ನಡುನೀರಾಗ ಸುಮ್ನ ನಿಲ್ಲತೈತಿ, ಹಿಂದಿಂದ ಇಂಜಿನ್ ಹೋಗತೈತಿ. ಕೈಲೆ ಬೆರಸಿದ್ರ ಹಾಕೇವಿ ಅನ್ನೂದು ಗೊತ್ತಿರತೈತಿ. ಮಷಿನ್ ನಂಬಬ್ಯಾಡ್ರಿ, ಮನಶ್ಯಾನ್ನ ನಂಬ್ರಿ.”

ಸಾವ್ಕಾರ್ರು ಮನುಷ್ಯನನ್ನು ನಂಬಿದರು. ಕಾಕಾ ಇಂಜಿನ್ನನ್ನು ಪೂರ್ತಿ ಬಿಚ್ಚಿ, ತೊಳೆದು, ಜೋಡಿಸಿದ. ವಾರಕ್ಕೆ ಮೂರು ಸಲ ಬಸ್ಸು ಬದಲಿಸಿ ಹೋಗುತ್ತಿದ್ದ. ಆ ವಯಸ್ಸಿನಲ್ಲಿ ಆತ ಅಷ್ಟು ಖುಷಿಯಾಗಿದ್ದುದನ್ನು ನಾನು ನೋಡಿರಲಿಲ್ಲ. ಊರಿನಲ್ಲಿ ಟೂ-ಸ್ಟ್ರೋಕ್ ಮುಗಿದೇ ಹೋಯಿತು ಎಂದು ಎಲ್ಲರೂ ಹೇಳುತ್ತಿರುವಾಗ, ನೀರಿನ ಮೇಲೆ ಒಂದು ಉಳಿದಿತ್ತು.

ಮೊದಲ ದಿನದ ಓಟಕ್ಕೆ ನಮಗೆಲ್ಲ ಆಮಂತ್ರಣ. ಸಾವ್ಕಾರ್ರ ಜೀಪಿನಲ್ಲಿ ನಾನು, ಕಾಕಾ, ಕಾಕು, ರೊಟ್ಟಿಯ ಬುಟ್ಟಿ, ಐದು ಕ್ಯಾನು. ಎರಡರಲ್ಲಿ ಮಾತ್ರ ಬೆರೆಸಿದ್ದ. ಉಳಿದ ಮೂರರಲ್ಲಿ ಬರೀ ಪೆಟ್ರೋಲು. ಬೆರೆಸಿ ಬಹಳ ಹೊತ್ತು ಇಟ್ಟರೆ ಹಳಸುತ್ತದೆ, ಬೇಕಾದಾಗ ಬೇಕಾದಷ್ಟೇ ಬೆರೆಸಬೇಕು ಎಂಬುದು ಕಾಕಾನ ಇನ್ನೊಂದು ಕಟ್ಟಳೆ. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ: ದಂಡೆಯ ಮೇಲೆ ಐದು ಕ್ಯಾನು ಸಾಲಾಗಿ ಇಟ್ಟಿದ್ದಾರೆ. ಎರಡಕ್ಕೆ ವಿಭೂತಿ ಇದೆ, ಮೂರಕ್ಕೆ ಇಲ್ಲ. ಹುಕ್ಕೇರಿಯಿಂದ ಫೋಟೋದವನು ಬಂದಿದ್ದಾನೆ.

ನನಗೆ ತಡೆಯಲಾಗುತ್ತದೆಯೇ? ಅವಸರದಲ್ಲಿ ಕಾಕು ಮರೆತಿರಬೇಕು ಎಂದುಕೊಂಡೆ. ಆಕೆಯ ಚೀಲದಿಂದ ವಿಭೂತಿಯ ಗಟ್ಟಿ ತೆಗೆದು, ಮೂರಕ್ಕೂ ಮೂರು ಮೂರು ಗೆರೆ, ಅಳತೆಗೆ ಸರಿಯಾಗಿ ಎಳೆದೆ. ಬೋರ್ಡಿನ ಮೇಲೆ ಗೆರೆ ಎಳೆದು ಪಳಗಿದ ಕೈ, ಕಾಕುವಿನದಕ್ಕಿಂತ ನೆಟ್ಟಗೇ ಬಂದವು. ಫೋಟೋ ಬಹಳ ಚೆನ್ನಾಗಿ ಬಂತು.

ಬೋಟು ಎರಡು ಸುತ್ತು ಸೊಗಸಾಗಿ ಓಡಿತು. ಸಾಲಿನಲ್ಲಿ ಮುಂದಿದ್ದ ಎರಡು ಕ್ಯಾನು, ಪುಣ್ಯಕ್ಕೆ ಬೆರೆಸಿದವೇ, ಮುಗಿದವು. ಸಾವ್ಕಾರ್ರು ಕಾಕಾನಿಗೆ ಶಾಲು ಹೊದಿಸಿ, ಹಾರ ಹಾಕಿ, ಮೂರನೆಯ ಸುತ್ತಿಗೆ ನೀವೇ ಕೂರಬೇಕೆಂದು ಹಟ ಹಿಡಿದರು. ಇಲ್ಲಿ ಒಂದು ಗುಟ್ಟು ಹೇಳಬೇಕು. ಇಷ್ಟು ದಿನ ಆ ಬೋಟಿನ ಜೊತೆ ಗುದ್ದಾಡಿದ ಕಾಕಾ ಅದು ನೀರಿನಲ್ಲಿರುವಾಗ ಒಮ್ಮೆಯೂ ಹತ್ತಿರಲಿಲ್ಲ. ಆತನಿಗೆ ಈಜು ಬರುವುದಿಲ್ಲ, ನೀರೆಂದರೆ ಜೀವಭಯ! ಎರಡು ಲೈಫ್ ಜಾಕೆಟ್ಟು ಕೇಳಿದ. ಒಂದನ್ನು ಮುಂದೆ ಹಾಕಿಕೊಂಡು, ಇನ್ನೊಂದನ್ನು ಬೆನ್ನಿಗೆ ಕಟ್ಟಿಸಿಕೊಂಡ. ಅದರ ಮೇಲೆ ಶಾಲು, ಶಾಲಿನ ಮೇಲೆ ಹಾರ. ಈ ಕಟ್ಟುವ ಬಿಗಿಯುವ ಗಡಿಬಿಡಿಯಲ್ಲಿ ಕಾಕಾ ಇರುವಾಗ, ಇತ್ತ ಸಾವ್ಕಾರ್ರು ಕ್ಯಾನಿನ ಸಾಲಿನ ಮುಂದೆ ನಿಂತು, ರೊಟ್ಟಿ ಬಡಿಸುತ್ತಿದ್ದ ಕಾಕುವನ್ನು ಕೇಳಿದರು.

“ಅಕ್ಕಾರ, ಯಾವ ಕ್ಯಾನ್ ಹಾಕೂದ್ರಿ?”

“ಇಬತ್ತಿ ಹಚ್ಚಿದ್ದು ಹಾಕ್ರಿ” ಎಂದಳು ಕಾಕು, ತಲೆ ಎತ್ತದೆ.

ವಿಭೂತಿ ಹಚ್ಚಿರದ ಕ್ಯಾನು ಯಾವುದಿತ್ತು? ಸಾವ್ಕಾರ್ರು ಕೈಗೆ ಸಿಕ್ಕದ್ದನ್ನು ಸುರಿದರು.

ಕಾಕಾನನ್ನು ಹೊತ್ತ ಬೋಟು ಸುಯ್ಯೆಂದು ಹೋಯಿತು. ದಂಡೆಯಿಂದ ಎಲ್ಲರೂ ಚಪ್ಪಾಳೆ ಹೊಡೆದರು. ಹಿನ್ನೀರಿನ ನಡುವೆ ಹೋದ ಮೇಲೆ ಇಂಜಿನ್ನಿನ ದನಿ ಒಮ್ಮೆ ಚೀರಿದಂತಾಗಿ, ಟಕ್ಕೆಂದು ನಿಂತಿತು. ಮೀನು ಹಿಡಿಯುವವರು ಹರಿಗೋಲಿನಲ್ಲಿ ಹೋಗಿ ಹಗ್ಗ ಕಟ್ಟಿ ಎಳೆದು ತರುವವರೆಗೆ ಕಾಕಾ ಎರಡು ಜಾಕೆಟ್ಟು, ಶಾಲು, ಹಾರ ಸಮೇತ ಬೋಟಿನಲ್ಲಿ ಅಲ್ಲಾಡದೆ ಕುಳಿತಿದ್ದ. ಜೀವಮಾನದಲ್ಲಿ ಅಲ್ಲಾಡದೆ ಕುಳಿತದ್ದು ಅದೊಂದೇ ಸಲ ಎಂದು ನಾನು ಆಮೇಲೆ ಸ್ಟಾಫ್ ರೂಮಿನಲ್ಲಿ ಹೇಳಿದೆ. ಎಲ್ಲರೂ ನಕ್ಕರು.

ಆದರೆ ದಂಡೆಗೆ ಬಂದ ಕಾಕಾ ಟಾಕಿಯಲ್ಲಿ ಬೆರಳು ಅದ್ದಿ, ಹೆಬ್ಬೆರಳಿಗೆ ಉಜ್ಜಿ ನೋಡಿದ. ಜಿಡ್ಡು ಇರಲಿಲ್ಲ. ಮೂಸಿದ. ಉಳಿದ ಎರಡು ಕ್ಯಾನುಗಳ ಬಿರಡೆ ತೆಗೆದು ಅವನ್ನೂ ಮೂಸಿದ. ಅವುಗಳ ಮೇಲಿನ ವಿಭೂತಿಯನ್ನು ಬಹಳ ಹೊತ್ತು ನೋಡಿದ.

“ಆಯಿಲ್ ಹಾಕಿಲ್ಲ” ಎಂದ.

“ಯಾರು?” ಎಂದರು ಸಾವ್ಕಾರ್ರು.

“ನಾನ.”

“ಇರ್ಲಿ ಬಿಡ್ರಿ, ಆಗತೈತಿ. ಆ ಪಂಪ್ ತಿರಗಿ ಹಚ್ಚಿಬಿಡೂಣು” ಎಂದರು ಸಾವ್ಕಾರ್ರು. ಒಳ್ಳೆಯ ಮನುಷ್ಯ, ಒಂದು ಕಟು ಮಾತೂ ಆಡಲಿಲ್ಲ. ಕಾಕಾ ತಲೆಯಾಡಿಸಿದ. ಹಾರ ತೆಗೆದು ಜೀಪಿನ ಸೀಟಿನ ಮೇಲಿಟ್ಟ. ಮೂಡಲಗಿ ಬರುವವರೆಗೆ ಕಾಕಾ ಬೆರಳು ಮಡಚುತ್ತ ಬಿಚ್ಚುತ್ತ ಕುಳಿತಿದ್ದ, ಕಾಕು ವಿಭೂತಿಯ ಗಟ್ಟಿಯನ್ನು ಅಂಗೈಯಲ್ಲಿ ತಿರುವುತ್ತಿದ್ದಳು. ಇಂಜಿನ್ನು ಕೆಟ್ಟಿದ್ದಕ್ಕೆ ಇಷ್ಟು ದುಃಖವೇ ಎಂದುಕೊಂಡು ನಾನು ಕಿಟಕಿಯ ಹೊರಗೆ ನೋಡುತ್ತ ಬಂದೆ. ಆ ಹೊತ್ತಿನಲ್ಲಿ ನನ್ನ ಬೆರಳಿಗೆ ಇನ್ನೂ ವಿಭೂತಿ ಇತ್ತು.

ಎಂಟು ದಿನದ ಮೇಲೆ ಮೂಡಲಗಿಗೆ ಹೋದೆ. ಹಾಡುಹಗಲು, ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಕ್ಯಾನುಗಳನ್ನೆಲ್ಲ ತೊಳೆದು ಬೋರಲು ಹಾಕಿದ್ದರು. ತುಕ್ಕಾನಟ್ಟಿಯ ರೈತರೊಬ್ಬರು ಔಷಧದ ಪಂಪು ಹೊತ್ತುಕೊಂಡು ಬಂದು, “ಎರಡು ಲೀಟರ್ ಬೆರಸಿ ಕೊಡ್ರಿ” ಎಂದರು. “ಬ್ಯಾರೆ ಕಡೆ ಹೋಗ್ರಿ” ಎಂದ ಕಾಕಾ. ಹೋಗುವವರ ಬೆನ್ನಿಗೆ, “ಲೀಟರಿಗೆ ಇಪ್ಪತ್ತು ಎಮ್ಮೆಲ್ ಅಂತ ಹೇಳ್ರಿ” ಎಂದ. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಸುಮ್ಮನೆ ರಸ್ತೆ ನೋಡುತ್ತ ಕುಳಿತ. ನನ್ನನ್ನು ನೋಡಿ ನಕ್ಕನಾದರೂ ಅದು ನಗುವಾಗಿರಲಿಲ್ಲ.

ಒಳಗೆ ಕಾಕು ಅಕ್ಕಿ ಆರಿಸುತ್ತಿದ್ದಳು. “ಒಂದು ಇಂಜಿನ್ನಿಗೆ ಇಷ್ಟ್ಯಾಕ ಮನಸಿಗೆ ಹಚ್ಚಿಕೊಂಡಾನ ಕಾಕಾ?” ಎಂದು ಕೇಳಿದೆ.

“ಇಂಜಿನ್ನಿಂದಲ್ಲವಾ” ಎಂದು ಮೊರ ಬದಿಗಿಟ್ಟಳು. ದನಿ ತಗ್ಗಿಸಿದಳು. “ಎರಡು ವರ್ಷದಿಂದ ಅವರಿಗೆ ಮರವು. ಒಮ್ಮಿ ಒಬ್ರ ಪಂಪಿಗೆ ಆಯಿಲ್ ಹಾಕೂದ ಮರತು ಅದು ಸೀಜ್ ಆತು. ಆವತ್ತು ಊಟಾ ಮಾಡ್ಲಿಲ್ಲ. ಕ್ಯಾನ್ ಮುಂದ ಇಟ್ಟಕೊಂಡು, ಹಾಕೇನೋ ಇಲ್ಲೋ, ಹಾಕೇನೋ ಇಲ್ಲೋ ಅಂತ ಕುಂತಿದ್ರು. ಅದಕ್ಕ ನಾ ಒಂದು ಮಾಡಿದೆ. ಹಾಕೇನಿ ಅಂದ ಕೂಡಲೆ ಹೋಗಿ ಇಬತ್ತಿ ಹಚ್ಚಿ ಬರ್ತಿದ್ದೆ. ಇಬತ್ತಿ ಇದ್ರ ಹಾಕೈತಿ, ಇಲ್ಲಂದ್ರ ಇಲ್ಲ. ಗುರ್ತು ಅಂದ್ರ ಅವರಿಗೆ ಸಣ್ಣಸ್ತನ ಅನಿಸೀತು, ದೇವರ ಹೆಸರಿಲೆ ಹಚ್ತೇನಿ ಅಂದೆ.”

“ಕಾಕಾಗ ಗೊತ್ತಿಲ್ಲೇನ ಇದು?”

“ಗೊತ್ತೈತಿ. ಖಾಲಿ ಕ್ಯಾನಿನ ಮ್ಯಾಲಿನ ಇಬತ್ತಿ ದಿನಾ ಹಸಿ ಟವೆಲ್ಲಿಲೆ ತಾವ ಒರಸಿ ಇಡ್ತಿದ್ರು. ನಾ ಕೇಳ್ಲಿಲ್ಲ, ಅವರು ಹೇಳ್ಲಿಲ್ಲ.” ಮೊರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡಳು. “ಆವತ್ತು ನಾ ಎರಡಕ್ಕ ಹಚ್ಚಿದ ನೆನಪು ತಂಗಿ. ನೋಡಿದ್ರ ಐದಕ್ಕೂ ಐತಿ. ಹಾಕದ ಹಾಕೇನಿ ಅಂದ್ರೇನ ಅವರು? ಮೂರು ಸಲಾನ? ಇಲ್ಲಾ ನನಗೂ ಮರವು ಬಂತೇನ? ಇಬ್ರಿಗೂ ಬಂದ್ರ ಹೆಂಗವಾ, ನೆನಪ ಇಡವರು ಯಾರು?”

ನಾನು ಎದ್ದೆ. ಇಷ್ಟು ವರ್ಷ ಈ ಇಬ್ಬರ ಕತೆ ಹೇಳಿ ಊರನ್ನು ನಗಿಸಿದ ನನಗೆ, ಅಡುಗೆಮನೆಯಿಂದ ಅಂಗಡಿಗೆ ಹೋಗುವ ನಾಲ್ಕು ಹೆಜ್ಜೆ ಬಹಳ ದೂರವಾದವು. ನಾಚಿಕೆಯಾಗಿತ್ತು.

“ಕಾಕಾ, ಆ ಮೂರು ಕ್ಯಾನಿಗೆ ಇಬತ್ತಿ ನಾ ಹಚ್ಚಿದ್ದೆ” ಎಂದೆ.

ಕಾಕಾ ತಿರುಗಿದ. “ಏನಂದಿ?”

“ಫೋಟೋದಾಗ ಎಲ್ಲಾ ಒಂದ ನಮೂನಿ ಕಾಣ್ಲಿ ಅಂತ ನಾನ ಹಚ್ಚಿದೆ. ಕಾಕು ಎರಡಕ್ಕ ಹಚ್ಚಿದ್ದಳು. ನನಗ ಗೊತ್ತಿರಲಿಲ್ಲ ಕಾಕಾ.”

“ಖರೇನ?”

“ಖರೆ.”

“ಎಷ್ಟಕ್ಕ ಹಚ್ಚಿದಿ?”

“ಮೂರಕ್ಕ.”

ಕಾಕಾ ಬೆರಳು ಮಡಚಿದ. ಎರಡು. ಮೂರು. ಮತ್ತೊಮ್ಮೆ ಮಡಚಿದ. ಮುಖ ನಿಧಾನಕ್ಕೆ ಅರಳಿತು. “ಎರಡು” ಎಂದ. “ನನಗ ನೆನಪಿದ್ದದ್ದೂ ಎರಡ. ಮುಂಜಾನೆ ಎರಡು ಬೆರಸಿ, ಮೂರು ಆಮ್ಯಾಲಂತ ಬಿಟ್ಟಿದ್ದೆ.” ಒಳಗಿನ ಬಾಗಿಲ ಕಡೆ ತಿರುಗಿ ದೊಡ್ಡ ದನಿಯಲ್ಲಿ, “ಕೇಳಿದೇನ? ನಾ ಮರತಿಲ್ಲ. ನೀನೂ ಮರತಿಲ್ಲ. ಈ ಮಾಸ್ತರಬಾಯಿ ಕೆಡಿಸ್ಯಾಳ” ಎಂದ. ಕಾಕು ಬಾಗಿಲಿಗೆ ಬಂದು, ಪೆಟ್ರೋಲಿನ ವಾಸನೆ ಇರದಿದ್ದರೂ ಸೆರಗಿನಿಂದ ಮೂಗು ಒರೆಸಿಕೊಂಡಳು. ಕಾಕಾ ಅಲ್ಲಿಂದಲೇ ಸಾವ್ಕಾರ್ರಿಗೆ ಫೋನು ಮಾಡಿದ. “ನಿಮ್ಮ ಇಂಜಿನ್ ಕೆಡಿಸಿದ್ದು ನಾ ಅಲ್ರಿ, ನಮ್ಮ ಅಣ್ಣನ ಮಗಳು” ಎಂದು, ನನಗೆ ಯಾವುದೋ ದೊಡ್ಡ ಬಹುಮಾನ ಬಂದ ಸುದ್ದಿ ತಿಳಿಸುವವರ ಹಾಗೆ ಹೇಳಿದ. ಆಮೇಲೆ ನನಗೆ ಮನಸಾರೆ ಬೈದ. ಸಾಲಿ ಕಲಿಸುವವಳಿಗೆ ಇಷ್ಟೂ ಬುದ್ಧಿ ಬೇಡವೇ ಎಂದ. ಬೈಯುತ್ತ ಬೈಯುತ್ತಲೇ ಬೋರಲು ಹಾಕಿದ್ದ ಒಂದು ಕ್ಯಾನನ್ನು ನೆಟ್ಟಗೆ ಮಾಡಿ, ಹಳೆಯ ಮುಚ್ಚಳ ಹುಡುಕಿದ. ನಾನು ಉಸಿರು ಬಿಗಿಹಿಡಿದು ಹತ್ತು ಎಣಿಸುವವರೆಗೆ ಸುಮ್ಮನೆ ನಿಂತೆ.

ಬೋಟಿಗೆ ಸಾವ್ಕಾರ್ರು ಆಯಿಲ್ಲಿನ ಪಂಪನ್ನೇ ಮರಳಿ ಜೋಡಿಸಿದರು. ಅದಕ್ಕೆ ಕಾಕಾನ ತಕರಾರು ಇನ್ನೂ ಇದೆ. ಅಂಗಡಿ ನಡೆದಿದೆ, ವಿಭೂತಿಯೂ ನಡೆದಿದೆ.

ಹೋದ ವಾರ ಶಾಲೆಯ ಊಟದ ಬಿಡುವಿನಲ್ಲಿ ಕಾಕಾನ ಫೋನು ಬಂತು. ದನಿ ಸಣ್ಣದಾಗಿತ್ತು.

“ತಂಗಿ, ತುಕ್ಕಾನಟ್ಟಿಯವರ ಪಂಪ್ ಸೀಜ್ ಆಗೇತಿ.”

“ಹೌದಾ ಕಾಕಾ?”

“ಕ್ಯಾನಿಗೆ ಇಬತ್ತಿ ಇತ್ತು. ಒಳಗ ಆಯಿಲ್ ಇಲ್ಲ.” ದನಿ ಇನ್ನಷ್ಟು ತಗ್ಗಿಸಿದ. “ಮೊನ್ನೆ ಬಂದಾಗ ನೀ ಏನರ ಕ್ಯಾನಿಗೆ ಕೈ ಹಚ್ಚಿದ್ದೇನ?”

ನಾನು ಮೂಡಲಗಿಗೆ ಹೋಗಿ ಎರಡು ತಿಂಗಳಾಗಿತ್ತು.

“ಹೌದು ಕಾಕಾ” ಎಂದೆ. “ನಾನ ಹಚ್ಚಿದ್ದೆ. ಮರತಬಿಟ್ಟಿದ್ದೆ ನೋಡು.”

“ಎಷ್ಟ ಸಲ ಹೇಳಬೇಕ ನಿನಗ?” ಎಂದು ಕಾಕಾ ಶುರು ಮಾಡಿದ. ದನಿ ಮೊದಲಿನಂತೆ ದೊಡ್ಡದಾಯಿತು. ಗಂಟೆ ಹೊಡೆಯುವವರೆಗೂ ಬೈದ, ಗಂಟೆ ಹೊಡೆದ ಮೇಲೂ ಬೈದ. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು, ಕಣ್ಣು ಒರೆಸಿಕೊಳ್ಳುತ್ತ, ಪೂರ್ತಿ ಬೈಸಿಕೊಂಡೆ.